ನೂರಾರು ಜನರ ಪರವಾಗಿ ‘ಒಪ್ಪಿದ್ದೇನೆ’ ಒತ್ತಿದವಳ ಬಹಿರಂಗ ಪತ್ರ

ಇವರಿಗೆ,
ಶಾಲೆ, ಗ್ರಂಥಾಲಯ, ಆಸ್ಪತ್ರೆ, ಕಚೇರಿಗಳಲ್ಲಿ ಕಂಪ್ಯೂಟರ್ ಖರೀದಿಯ ಕಡತಕ್ಕೆ ಸಹಿ ಹಾಕುವ ಎಲ್ಲ ಅಧಿಕಾರಿಗಳಿಗೆ ಮತ್ತು ಆಡಳಿತ ಮಂಡಳಿಗಳ ಸದಸ್ಯರಿಗೆ

ವಿಷಯ: ಡೆಸ್ಕ್‌ಟಾಪ್ ಆಪರೇಟಿಂಗ್ ಸಿಸ್ಟಂ (ವಿಂಡೋಸ್, ಮ್ಯಾಕ್, ಲಿನಕ್ಸ್‌ನಂಥ, ಇಡೀ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ) ಆರಿಸುವಾಗ ಅದನ್ನು ಬಳಸುವವರ ಖಾಸಗಿತನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಬಗ್ಗೆ

ಮಾನ್ಯರೇ,

ನೀವು ಸಹಿ ಹಾಕಿದ ಮೇಲೆ ಬಂದಿಳಿಯುವ ಡಬ್ಬಗಳನ್ನು ಬಿಚ್ಚುವವಳು ನಾನು. ವೈರುಗಳನ್ನು ಜೋಡಿಸಿ, ಯಂತ್ರಕ್ಕೆ ಜೀವ ಕೊಟ್ಟು, ಪರದೆಯ ಮೇಲೆ ಒಂದರ ಹಿಂದೊಂದು ಬರುವ ಪ್ರಶ್ನೆಗಳಿಗೆ ಉತ್ತರಿಸಿ, ಕೊನೆಗೆ ಅದನ್ನು ಬಳಸುವವರ ಕೈಗೆ ಒಪ್ಪಿಸುವುದು ನನ್ನ ಕೆಲಸ. ಎಷ್ಟೋ ವರ್ಷಗಳಿಂದ ಇದನ್ನೇ ಮಾಡುತ್ತಿದ್ದೇನೆ. ಆ ಪ್ರಶ್ನೆಗಳಲ್ಲಿ ಬಹುಪಾಲು ಒಂದೇ ಧಾಟಿಯವು: ನೀವಿರುವ ಜಾಗವನ್ನು ನಾವು ತಿಳಿದುಕೊಳ್ಳಬಹುದೇ, ನೀವು ಟೈಪ್ ಮಾಡುವುದನ್ನು ನೋಡಿ ನಾವು ಕಲಿಯಬಹುದೇ, ನಿಮಗೆ ಹೊಂದುವ ಜಾಹೀರಾತು ತೋರಿಸಬಹುದೇ. ಆ ‘ನೀವು’ ಯಾರು? ಮುಂದೆ ಆ ಕುರ್ಚಿಯಲ್ಲಿ ಕೂರುವ ವಿದ್ಯಾರ್ಥಿ, ರೋಗಿ, ಗುಮಾಸ್ತ. ಅವರಲ್ಲಿ ಒಬ್ಬರೂ ಆ ಹೊತ್ತಿಗೆ ಅಲ್ಲಿರುವುದಿಲ್ಲ. ಸಂಜೆಯೊಳಗೆ ಹನ್ನೆರಡು ಯಂತ್ರ ಮುಗಿಸಬೇಕೆಂಬ ಅವಸರದಲ್ಲಿ ‘ಒಪ್ಪಿದ್ದೇನೆ’, ‘ಒಪ್ಪಿದ್ದೇನೆ’ ಎಂದು ಒತ್ತುತ್ತಾ ಹೋಗುವವಳು ನಾನು.

ಬಹಳ ದಿನ ಇದರಲ್ಲಿ ನನಗೆ ಏನೂ ಕಂಡಿರಲಿಲ್ಲ. ಕಾಣಿಸಿದ ಪ್ರಸಂಗವನ್ನು ಮೊದಲು ಹೇಳಿಬಿಡುತ್ತೇನೆ.

ಸಾರ್ವಜನಿಕರು ಬಂದು ಬಳಸುವ ಒಂದು ಓದುವ ಕೋಣೆಗೆ ಹನ್ನೆರಡು ಹೊಸ ಕಂಪ್ಯೂಟರ್ ಬಂದವು. ಯಾವ ಸಂಸ್ಥೆ, ಯಾರು ತಯಾರಿಸಿದ ಸಿಸ್ಟಂ ಎಂಬ ಹೆಸರುಗಳು ಇಲ್ಲಿ ಬೇಡ. ಆನ್‌ಲೈನ್ ಖಾತೆ ಕೊಡದೆ ಮುಂದಿನ ಪರದೆಗೆ ಹೋಗಲು ಅದು ಬಿಡಲಿಲ್ಲ. ಮೇಲಿನವರನ್ನು ಕೇಳಿದೆ. “ಒಂದು ಖಾತೆ ಮಾಡಿ, ಹನ್ನೆರಡಕ್ಕೂ ಅದನ್ನೇ ಹಾಕಿ ಮುಗಿಸಿ” ಎಂದರು. ಹಾಗೇ ಮಾಡಿದೆ. ಮೂರನೆಯ ದಿನ ಏಳನೇ ಕಂಪ್ಯೂಟರಿನ ಮುಂದೆ ಕುಳಿತಿದ್ದ ಹಿರಿಯರೊಬ್ಬರು ನನ್ನನ್ನು ಕರೆದು, “ಇದು ನನ್ನದಲ್ಲ, ಆದರೆ ಇಲ್ಲಿದೆ” ಎಂದು ಪರದೆಯತ್ತ ಬೆರಳು ತೋರಿಸಿದರು. ಯಾರದೋ ವಿಚ್ಛೇದನದ ಅರ್ಜಿ. ಅದು ಟೈಪಾಗಿದ್ದು ಕೋಣೆಯ ಆ ತುದಿಯಲ್ಲಿದ್ದ ಎರಡನೇ ಯಂತ್ರದಲ್ಲಿ. ಖಾತೆ ತೆರೆದು ನೋಡಿದೆ. ಹನ್ನೆರಡು ಯಂತ್ರಗಳಲ್ಲಿ ಉಳಿಸಿದ ಕಡತಗಳೆಲ್ಲ ತಾವಾಗಿಯೇ ಕ್ಲೌಡ್‌ಗೆ ಏರಿ, ಅಲ್ಲಿಂದ ಮತ್ತೆ ಹನ್ನೆರಡಕ್ಕೂ ಇಳಿಯುತ್ತಿದ್ದವು. ರಾಜೀನಾಮೆ ಪತ್ರದ ಮೂರು ಕರಡುಗಳು, ರಕ್ತಪರೀಕ್ಷೆಯ ವರದಿ, ಮಗುವಿನ ಫೋಟೊ ಅಂಟಿಸಿದ ಅರ್ಜಿ. ಕಡತವನ್ನು ತೆರೆಯುವುದೇ ಬೇಕಿರಲಿಲ್ಲ, ಮೊದಲ ಪುಟದ ಪುಟ್ಟ ಚಿತ್ರಗಳೇ ಎಲ್ಲವನ್ನೂ ಹೇಳುತ್ತಿದ್ದವು. ಎಚ್ಚರದ ಕೆಲವರು ಎದ್ದು ಹೋಗುವಾಗ ತಮ್ಮ ಕಡತವನ್ನು ಅಳಿಸಿಯೇ ಹೋಗಿದ್ದರು. ಅವರು ಅಳಿಸಿದ್ದು ಖಾತೆಯ ಕಸದಬುಟ್ಟಿಯಲ್ಲಿ ಹಾಗೇ ಕುಳಿತಿತ್ತು.

ಎಲ್ಲವನ್ನೂ ಅಳಿಸಿ, ಆ ಸೌಲಭ್ಯವನ್ನು ನಿಲ್ಲಿಸಿ, ಮೇಲಿನವರಿಗೆ ತಿಳಿಸಿದೆ. “ಯಾರೂ ದೂರು ಕೊಟ್ಟಿಲ್ಲವಲ್ಲ” ಎಂಬ ಉತ್ತರ ಬಂತು. ದೂರು ಕೊಡಬೇಕಾದವರಿಗೆ ನಡೆದದ್ದೇ ಗೊತ್ತಿಲ್ಲ ಎಂಬ ನನ್ನ ಮಾತು ಅವರ ಕಿವಿಗೆ ಬೀಳಲಿಲ್ಲ. ನಾನು ಇದಕ್ಕೆ ಯಾವಾಗ ಒಪ್ಪಿದೆ ಎಂದು ನೋಡಲು ಒಂದು ಯಂತ್ರವನ್ನು ಮೊದಲಿನಿಂದ ಮತ್ತೆ ಸೆಟಪ್ ಮಾಡಿದೆ. ಒಂದು ಪರದೆ ಬಂತು: ನಿಮ್ಮ ಕಡತಗಳು ಸುರಕ್ಷಿತವಾಗಿರುತ್ತವೆ ಎಂಬ ಅರ್ಥದ ಸಮಾಧಾನದ ಮಾತು, ಕೆಳಗೆ ‘ಮುಂದೆ’ ಎಂಬ ದೊಡ್ಡ ಗುಂಡಿ. ಅಷ್ಟೇ. ಆ ಗುಂಡಿಯನ್ನು ಒತ್ತಿದ ಬೆರಳು ನನ್ನದು, ಸರಿ. ಆ ಸಿಸ್ಟಂ ಅನ್ನು ಆರಿಸಿದ್ದು ಮಾತ್ರ ನಾನಲ್ಲ. ಆರಿಸಿದವರು ಯಾರೂ ಆ ಪರದೆಯನ್ನು ಒಮ್ಮೆಯೂ ನೋಡಿರಲಿಲ್ಲ. ಈ ಪತ್ರ ಬರೆಯುತ್ತಿರುವುದು ಆ ಕಾರಣಕ್ಕೆ.

ಖರೀದಿ ಕಡತಗಳಲ್ಲಿ ಪ್ರೊಸೆಸರ್ ಯಾವುದು, ಮೆಮೊರಿ ಎಷ್ಟು, ವಾರಂಟಿ ಎಷ್ಟು ವರ್ಷ ಎಂಬುದಕ್ಕೆಲ್ಲ ಕಾಲಂ ಇರುತ್ತದೆ. ಈ ಯಂತ್ರ ಸುಮ್ಮನೆ ಕುಳಿತಿರುವಾಗ ಯಾರ ಜೊತೆ, ಏನು ಮಾತಾಡುತ್ತದೆ ಎಂಬುದಕ್ಕೆ ಕಾಲಂ ಇರುವ ಕಡತವನ್ನು ನಾನಿನ್ನೂ ಕಂಡಿಲ್ಲ. ಬ್ರೌಸರ್ ಹಿಡಿಸದಿದ್ದರೆ ಬಳಸುವವರು ಬೇರೆಯದನ್ನು ಹಾಕಿಕೊಳ್ಳಬಹುದು, ಒಂದು ಆ್ಯಪ್ ಕುತ್ತಾದರೆ ಕಿತ್ತೆಸೆಯಬಹುದು. ಆಪರೇಟಿಂಗ್ ಸಿಸ್ಟಂ ಹಾಗಲ್ಲ. ಒತ್ತಿದ ಪ್ರತಿ ಕೀ, ತೆರೆದ ಪ್ರತಿ ಕಡತ, ಮೈಕಿಗೆ ಬಿದ್ದ ಪ್ರತಿ ದನಿ ಅದರ ಕೈ ದಾಟಿಯೇ ಬೇರೆ ಕಡೆಗೆ ಹೋಗಬೇಕು. ಮನೆಯ ಬೀಗ ಬದಲಿಸಬಹುದು, ಪಾಯ ಬದಲಿಸಲು ಬಾಡಿಗೆದಾರನಿಗೆ ಹಕ್ಕಿರುವುದಿಲ್ಲ. ನಿಮ್ಮ ಸಂಸ್ಥೆಯ ಕಂಪ್ಯೂಟರ್ ಬಳಸುವವರೆಲ್ಲ ಬಾಡಿಗೆದಾರರೇ.

ತಯಾರಕರ ಪರವಾಗಿಯೂ ಒಂದು ಮಾತು ಹೇಳಬೇಕು. ಯಂತ್ರ ಕೆಟ್ಟು ನಿಂತಾಗ ಹೋಗುವ ವರದಿಯಿಂದ ನನಗೇ ಉಪಕಾರವಾಗಿದೆ. ಒಂದು ಡ್ರೈವರ್‌ನ ದೋಷ ತಿಂಗಳೊಪ್ಪತ್ತಿನಲ್ಲಿ ತಾನಾಗಿ ಸರಿಹೋಗಿದ್ದನ್ನು ನೋಡಿದ್ದೇನೆ. ಟೆಲಿಮೆಟ್ರಿ (ಯಂತ್ರ ತನ್ನ ಬಳಕೆಯ ಮಾಹಿತಿಯನ್ನು ತಾನಾಗಿ ತಯಾರಕರಿಗೆ ಕಳಿಸುವುದು) ಎಂದಾಕ್ಷಣ ಗೂಢಚಾರಿಕೆ ಎಂದು ಕೂಗುವವರ ಸಾಲಿನಲ್ಲಿ ನಾನಿಲ್ಲ. ನನ್ನ ತಕರಾರು ಮೂರು ಸಣ್ಣ ಪ್ರಶ್ನೆಗಳ ಬಗ್ಗೆ. ಎಷ್ಟು ಹೋಗುತ್ತದೆ, ಕೇಳಿ ಹೋಗುತ್ತದೆಯೇ, ಬೇಡವೆಂದರೆ ನಿಲ್ಲುತ್ತದೆಯೇ.

ಇವು ನನ್ನೊಬ್ಬಳ ತಲೆಯಲ್ಲಿ ಹುಟ್ಟಿದ ಪ್ರಶ್ನೆಗಳಲ್ಲ. ವಿಂಡೋಸ್ 10 ಬಂದದ್ದು 2015ರ ಜುಲೈನಲ್ಲಿ. ಒಂದು ವರ್ಷ ತುಂಬುವ ಹೊತ್ತಿಗೆ, 2016ರ ಜುಲೈನಲ್ಲಿ, ಫ್ರಾನ್ಸಿನ ದತ್ತಾಂಶ ರಕ್ಷಣಾ ಪ್ರಾಧಿಕಾರವಾದ ಸಿಎನ್‌ಐಎಲ್ ಮೈಕ್ರೋಸಾಫ್ಟ್‌ಗೆ ನೋಟಿಸ್ ಕೊಟ್ಟಿತು. ಅಗತ್ಯಕ್ಕಿಂತ ಹೆಚ್ಚು ಮಾಹಿತಿ ಸಂಗ್ರಹಿಸುತ್ತಿದ್ದೀರಿ, ಜಾಹೀರಾತಿನ ಗುರುತುಸಂಖ್ಯೆಯನ್ನು ಕೇಳದೆಯೇ ಚಾಲೂ ಇಟ್ಟಿದ್ದೀರಿ ಎಂಬುದು ಅದರ ಆಕ್ಷೇಪಗಳಲ್ಲಿ ಸೇರಿತ್ತು. 2017ರ ಜೂನ್‌ನಲ್ಲಿ ನೋಟಿಸ್ ಮುಗಿಸುವಾಗ ಅದೇ ಪ್ರಾಧಿಕಾರ, ಮಾಹಿತಿ ಸಂಗ್ರಹಕ್ಕೆ ಇರುವ ಹಂತಗಳಲ್ಲಿ ಅತ್ಯಂತ ಕೆಳಗಿನದರಲ್ಲಿ ಹೋಗುತ್ತಿದ್ದ ಮಾಹಿತಿಯನ್ನು ಕಂಪನಿ ಸುಮಾರು ಅರ್ಧಕ್ಕೆ ಇಳಿಸಿದೆ ಎಂದಿತು. ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಅರ್ಧ ತೆಗೆದ ಮೇಲೂ ಸಿಸ್ಟಂ ಓಡುತ್ತಲೇ ಇತ್ತು. ಹಾಗಾದರೆ ಆ ಇನ್ನರ್ಧ ಅಲ್ಲಿಯವರೆಗೆ ಯಾಕೆ ಹೋಗುತ್ತಿತ್ತು?

ಅದೇ ವರ್ಷದ ಅಕ್ಟೋಬರ್‌ನಲ್ಲಿ ನೆದರ್ಲ್ಯಾಂಡ್ಸ್‌ನ ಪ್ರಾಧಿಕಾರ ಹೇಳಿದ ಒಂದು ಮಾತು ನನ್ನ ಕೆಲಸಕ್ಕೆ ನೇರವಾಗಿ ತಟ್ಟುವಂಥದ್ದು. ವಿಂಡೋಸ್ 10ರ ಹೋಮ್ ಮತ್ತು ಪ್ರೊ ಆವೃತ್ತಿಗಳನ್ನು ಪರಿಶೀಲಿಸಿದ ಅದು, ಅನುಸ್ಥಾಪನೆಯ ಹೊತ್ತಿನಲ್ಲಿ ಒಬ್ಬರು ಮೊದಲೇ ಇದ್ದ ಆಯ್ಕೆಗಳನ್ನು ಬದಲಿಸಲಿಲ್ಲ ಎಂದ ಮಾತ್ರಕ್ಕೆ ಅವರು ಸಮ್ಮತಿ ಕೊಟ್ಟಂತಾಗುವುದಿಲ್ಲ ಎಂದಿತು. ಬದಲಿಸದೆ ಬಿಟ್ಟದ್ದೇ ಒಪ್ಪಿಗೆಯಲ್ಲ ಎಂದಾದರೆ, ನಾಳೆ ಬಂದು ಕೂರುವ ಯಾರದೋ ಪರವಾಗಿ ನಾನು ಒತ್ತಿದ್ದು ಏನು? ನಾನು ಅದಕ್ಕೆ ಹೆಸರು ಹುಡುಕುತ್ತಲೇ ಇದ್ದೇನೆ.

ಆಮೇಲೆ ಸುಧಾರಣೆಗಳಾದವು, ಇಲ್ಲವೆನ್ನಲಾರೆ. ಏನು ಸಂಗ್ರಹವಾಗುತ್ತದೆ ಎಂಬ ಪಟ್ಟಿ ಪ್ರಕಟವಾಯಿತು. 2018ರಲ್ಲಿ, ಹೊರಹೋಗುವ ಮಾಹಿತಿಯನ್ನು ತೆರೆದು ನೋಡುವ ಒಂದು ಸಾಧನವೂ ಬಂತು. ಆದರೆ ಖರೀದಿಗೆ ಕೂರುವವರಿಗೆ ಗೊತ್ತಿರಲೇಬೇಕಾದ ಒಂದು ಸಂಗತಿ ಉಳಿದೇ ಇದೆ. ವಿಂಡೋಸ್‌ನ ಹೋಮ್, ಪ್ರೊ ಆವೃತ್ತಿಗಳಲ್ಲಿ ‘ಕಡ್ಡಾಯ’ ಎಂದು ಕರೆಯುವ ಮಾಹಿತಿ ರವಾನೆಯನ್ನು ಪೂರ್ತಿ ನಿಲ್ಲಿಸುವ ಸ್ವಿಚ್ ಸೆಟ್ಟಿಂಗ್ಸ್‌ನಲ್ಲಿ ಇಲ್ಲ. ಎಂಟರ್‌ಪ್ರೈಸ್, ಎಜುಕೇಶನ್ ಆವೃತ್ತಿಗಳಲ್ಲಿ ನಿರ್ವಾಹಕರು ಅದನ್ನು ನಿಲ್ಲಿಸಬಹುದು. ಹೆಸರು ಒಂದೇ, ಬಣ್ಣ ಒಂದೇ, ಒಳಗಿನ ಹಕ್ಕು ಮಾತ್ರ ಬೇರೆ. ಕಡತದಲ್ಲಿ ‘ವಿಂಡೋಸ್ ಸಹಿತ’ ಎಂದಷ್ಟೇ ಬರೆದು ಬಿಟ್ಟರೆ ಪೂರೈಕೆದಾರರು ಕಳಿಸುವುದು ಯಾವ ಆವೃತ್ತಿ ಎಂಬುದು ನಿಮಗೇ ಗೊತ್ತಿರುವ ಸಂಗತಿ.

ಈಗ ಹುಡುಕುವ ಪೆಟ್ಟಿಗೆಯ ಬಗ್ಗೆ ಹೇಳಬೇಕು. ಖಾಸಗಿತನ ಎಂದರೆ ಜನ ಕ್ಯಾಮೆರಾಕ್ಕೆ ಪಟ್ಟಿ ಅಂಟಿಸುತ್ತಾರೆ, ಈ ಪೆಟ್ಟಿಗೆಯನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ನನಗೆ ಇದರಷ್ಟು ಕಸಿವಿಸಿ ತರುವುದು ಇನ್ನೊಂದಿಲ್ಲ. ನಮ್ಮದೇ ಯಂತ್ರದಲ್ಲಿ ನಮ್ಮದೇ ಕಡತ ಹುಡುಕಲು ಮೂಲೆಯ ಪೆಟ್ಟಿಗೆಯಲ್ಲಿ ನಾಲ್ಕು ಅಕ್ಷರ ಟೈಪ್ ಮಾಡುತ್ತೇವೆ. ಬೀರುವಿನೊಳಗೆ ಕೈಹಾಕಿದಂತೆ ಎಂದುಕೊಂಡಿರುತ್ತೇವೆ. ಅದೇ ಅಕ್ಷರಗಳು ಇಂಟರ್‌ನೆಟ್ ಹಾದು ಯಾವುದೋ ಸರ್ವರ್ ತಲುಪುತ್ತವೆ ಎಂದು ಯಾರೂ ಎಣಿಸುವುದಿಲ್ಲ. ಕಡತದ ಹೆಸರಿನಲ್ಲೇ ಎಷ್ಟೋ ಗುಟ್ಟು ಇರುತ್ತದೆ: ಕಾಯಿಲೆಯ ಹೆಸರು, ವಕೀಲರ ಹೆಸರು, ದೂರು ಯಾರ ಮೇಲೆ ಎಂಬುದು.

ಈ ವಿಷಯದಲ್ಲಿ ಯಾರ ಕೈಯೂ ಶುದ್ಧವಿಲ್ಲ. ಉಬುಂಟು ಎಂಬುದು ಲಿನಕ್ಸ್‌ನ ಒಂದು ರೂಪ. 2012ರ ಅಕ್ಟೋಬರ್‌ನಲ್ಲಿ ಬಂದ ಉಬುಂಟು 12.10ರಲ್ಲಿ, ಡೆಸ್ಕ್‌ಟಾಪಿನ ಹುಡುಕಾಟದಲ್ಲಿ ಟೈಪ್ ಮಾಡಿದ್ದು ಅದನ್ನು ತಯಾರಿಸುವ ಕೆನಾನಿಕಲ್ ಕಂಪನಿಯ ಸರ್ವರಿಗೆ ಹೋಗಿ, ಅಮೆಜಾನ್‌ನ ಸರಕುಗಳು ಫಲಿತಾಂಶವಾಗಿ ಬಂದು ನಿಲ್ಲುತ್ತಿದ್ದವು. ಸ್ವತಂತ್ರ ತಂತ್ರಾಂಶ ಚಳವಳಿಯ ರಿಚರ್ಡ್ ಸ್ಟಾಲ್‌ಮನ್ ಅದನ್ನು ಸ್ಪೈವೇರ್ (ಗೂಢಚಾರ ತಂತ್ರಾಂಶ) ಎಂದೇ ಕರೆದರು. ಅದು ತಾನಾಗಿ ಆರಿದ ಸ್ಥಿತಿಯಲ್ಲಿ ಬರಲು 2016ರ ಏಪ್ರಿಲ್‌ನ 16.04 ಆವೃತ್ತಿಯವರೆಗೆ ಕಾಯಬೇಕಾಯಿತು. ವಿಂಡೋಸ್ 8.1ರಲ್ಲಿ, 2013ರಲ್ಲಿ, ಮೈಕ್ರೋಸಾಫ್ಟ್‌ನ ಬಿಂಗ್ ಮೂಲಕ ಇಂಟರ್‌ನೆಟ್‌ನಲ್ಲಿ ಹುಡುಕುವುದು, ಯಂತ್ರದೊಳಗೆ ಹುಡುಕುವುದರ ಜೊತೆ ಬೆರೆಯಿತು. 2014ರ ಅಕ್ಟೋಬರ್‌ನಲ್ಲಿ ಆಪಲ್‌ನ ಮ್ಯಾಕ್‌ಗೆ ಯೊಸೆಮಿಟಿ ಆವೃತ್ತಿ ಬಂದಾಗ, ಅದರ ಹುಡುಕುವ ಪೆಟ್ಟಿಗೆಯಾದ ಸ್ಪಾಟ್‌ಲೈಟ್‌ನಲ್ಲಿ ಟೈಪ್ ಮಾಡಿದ್ದು, ಬಳಸುವವರು ಇರುವ ಸರಿಸುಮಾರು ಜಾಗದ ಸಮೇತ ಆಪಲ್‌ಗೆ ಹೋಗುತ್ತಿತ್ತು. ಮೂರು ಬೇರೆ ಬೇರೆ ಸಂಸ್ಥೆಗಳು ಎರಡು ವರ್ಷಗಳ ಅಂತರದಲ್ಲಿ ಅದೇ ಪೆಟ್ಟಿಗೆಗೆ ಅದೇ ತೂತು ಕೊರೆದವು. ನಿಲ್ಲಿಸಲು ಆಯ್ಕೆ ಇರಲಿಲ್ಲವೆಂದಲ್ಲ. ಉಬುಂಟುವಿನಲ್ಲೂ ಸ್ಪಾಟ್‌ಲೈಟ್‌ನಲ್ಲೂ ಇತ್ತು. ಆದರೆ ಅಂಥದ್ದೊಂದು ನಡೆಯುತ್ತಿದೆ ಎಂದು ಮೊದಲು ಗೊತ್ತಿದ್ದವರಿಗೆ ತಾನೇ ಅದನ್ನು ನಿಲ್ಲಿಸುವ ಯೋಚನೆ ಬರುವುದು?

ಮ್ಯಾಕ್ ಬಳಸುವವರು ‘ನಮಗೆ ಈ ತಾಪತ್ರಯವಿಲ್ಲ’ ಎಂದು ಹೇಳುವುದನ್ನು ಕೇಳಿದ್ದೇನೆ. ಜಾಹೀರಾತಿನ ಮಟ್ಟಿಗೆ ಅವರ ಮಾತಿನಲ್ಲಿ ಹುರುಳಿದೆ. ಆದರೂ 2020ರ ನವೆಂಬರ್ 12ರಂದು ಏನಾಯಿತು ನೋಡಿ. ಮ್ಯಾಕ್‌ಒಎಸ್ ಬಿಗ್ ಸರ್ ಬಿಡುಗಡೆಯಾದ ದಿನ ಅದು. ಆಪಲ್‌ನ ಒಂದು ಸರ್ವರ್ ಬಳಲಿ ನಿಧಾನವಾದದ್ದೇ ತಡ, ಲೋಕದ ಎಷ್ಟೋ ಮ್ಯಾಕ್‌ಗಳಲ್ಲಿ ಆ್ಯಪ್‌ಗಳು ತೆರೆಯದೆ ಒದ್ದಾಡಿದವು, ಹೊಸ ಆವೃತ್ತಿ ಹಾಕಿಕೊಳ್ಳದವರದೂ ಸೇರಿ. ಆ್ಯಪ್ ತೆರೆಯುವಾಗ ಅದನ್ನು ತಯಾರಿಸಿದವರ ಪ್ರಮಾಣಪತ್ರ ಇನ್ನೂ ಊರ್ಜಿತವೇ ಎಂದು ಯಂತ್ರ ಆ ಸರ್ವರನ್ನು ಕೇಳುತ್ತಿತ್ತು, ಅದೂ ಗೂಢಲಿಪೀಕರಣವಿಲ್ಲದ (ನಡುವೆ ಯಾರಾದರೂ ಓದಬಲ್ಲ) ಬಯಲು ಸಂಪರ್ಕದಲ್ಲಿ. ಉದ್ದೇಶ ಒಳ್ಳೆಯದೇ, ದುಷ್ಟ ತಂತ್ರಾಂಶವನ್ನು ತಡೆಯುವುದು. ಆದರೆ ಬಳಸುತ್ತಿದ್ದವರಿಗೆ ಇಂಥ ಮಾತುಕತೆ ನಡೆಯುತ್ತಿದೆ ಎಂದು ಗೊತ್ತಾದದ್ದು ಅದು ಕೆಟ್ಟು ನಿಂತ ದಿನ. ಆಮೇಲೆ ಆಪಲ್, ಜಾಲದಲ್ಲಿ ಯಂತ್ರವನ್ನು ಗುರುತಿಸುವ ಐಪಿ ವಿಳಾಸಗಳನ್ನು ದಾಖಲಿಸುವುದನ್ನು ನಿಲ್ಲಿಸಿದ್ದೇವೆ ಎಂದಿತು. ಒಂದು ವರ್ಷದೊಳಗೆ ಗೂಢಲಿಪೀಕೃತ ವಿಧಾನವನ್ನೂ, ಈ ತಪಾಸಣೆ ಬೇಡವೆನ್ನುವವರಿಗೆ ಒಂದು ಆಯ್ಕೆಯನ್ನೂ ಕೊಡುತ್ತೇವೆ ಎಂದು ಮಾತು ಕೊಟ್ಟಿತು. ಆ ಆಯ್ಕೆ ಹೇಳಿದ ಅವಧಿಯಲ್ಲಿ ಬರಲಿಲ್ಲ.

ಇತ್ತೀಚಿನ ‘ರೀಕಾಲ್’ ಪ್ರಕರಣವನ್ನು ನೀವೂ ಕೇಳಿರಬಹುದು. 2024ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಘೋಷಿಸಿದ ಈ ಸೌಲಭ್ಯ, ಕೆಲವು ಹೊಸ ಮಾದರಿಯ ಯಂತ್ರಗಳಲ್ಲಿ, ಕೆಲವೇ ಸೆಕೆಂಡುಗಳಿಗೊಮ್ಮೆ ಪರದೆಯ ಚಿತ್ರ ತೆಗೆದು ಇಟ್ಟುಕೊಳ್ಳುತ್ತದೆ, ಹಿಂದೆ ನೋಡಿದ್ದನ್ನು ನೆನಪಿಸಿಕೊಡಲು. ಆ ಚಿತ್ರಗಳಿಂದ ಹೆಕ್ಕಿದ ಪಠ್ಯ ಕಂಪ್ಯೂಟರಿನಲ್ಲೇ ಓದಲು ಸಿಗುವಂತೆ ಬಿದ್ದಿರುತ್ತದೆ ಎಂದು ಭದ್ರತಾ ಸಂಶೋಧಕರು ತೋರಿಸಿದ ಮೇಲೆ ಕಂಪನಿ ಹಿಂದೆ ಸರಿಯಿತು. ಬೇಕೆಂದವರು ಮಾತ್ರ ಚಾಲೂ ಮಾಡಿಕೊಳ್ಳುವಂತೆ, ಗೂಢಲಿಪಿಯಲ್ಲಿ ಉಳಿಯುವಂತೆ ತಿದ್ದಿ 2025ರ ಏಪ್ರಿಲ್‌ನಲ್ಲಿ ಬಿಡುಗಡೆ ಮಾಡಿತು. ಚಿತ್ರಗಳು ಯಂತ್ರದಲ್ಲೇ ಇರುತ್ತವೆ, ಹೊರಗೆ ಹೋಗುವುದಿಲ್ಲ ಎಂಬುದು ಕಂಪನಿಯ ಮಾತು. ಮುಂದಿನ ತಿಂಗಳೇ ಸಂದೇಶ ಕಳಿಸುವ ಸಿಗ್ನಲ್ ಆ್ಯಪ್, ತನ್ನ ಕಿಟಕಿಯ ಚಿತ್ರ ತೆಗೆಯಲಾಗದಂತೆ ವಿಂಡೋಸ್‌ನಲ್ಲಿ ತಾನೇ ಅಡ್ಡಗಟ್ಟೆ ಹಾಕಿಕೊಂಡಿತು. ತಾನು ನಿಂತ ನೆಲದಿಂದಲೇ ತನ್ನನ್ನು ಮರೆಮಾಚಿಕೊಳ್ಳಬೇಕಾದ ಸ್ಥಿತಿ ಒಂದು ಆ್ಯಪ್‌ಗೆ ಬಂತು! ಒಬ್ಬರೇ ಬಳಸುವ ಯಂತ್ರದಲ್ಲಿ ಬೇಕೋ ಬೇಡವೋ ಎಂದು ಅವರೇ ನಿರ್ಧರಿಸಿಕೊಳ್ಳಲಿ. ದಿನಕ್ಕೆ ಇಪ್ಪತ್ತು ಜನ ಕೂತೆದ್ದು ಹೋಗುವ ಯಂತ್ರದಲ್ಲಿ ಅದನ್ನು ಚಾಲೂ ಮಾಡಲು ಯಾರಿಗೆ ಅಧಿಕಾರ? ಗುಂಡಿ ಮತ್ತೆ ನನ್ನ ಮುಂದೆಯೇ ಬರುತ್ತದೆ.

ಹಾಗಾದರೆ ಎಲ್ಲ ಕಡೆ ಲಿನಕ್ಸ್ ಹಾಕಿ ಎನ್ನುತ್ತೇನೆ ಎಂದು ನೀವು ಊಹಿಸಿರಬಹುದು. ಅರ್ಧ ನಿಜ. ಲಿನಕ್ಸ್‌ನ ಇನ್ನೊಂದು ರೂಪವಾದ ಡೆಬಿಯನ್‌ನ ಅನುಸ್ಥಾಪಕ, ಯಾವ ತಂತ್ರಾಂಶ ಪ್ಯಾಕೇಜ್‌ಗಳನ್ನು ಬಳಸುತ್ತೀರಿ ಎಂಬ ಅಂಕಿಅಂಶ ಕಳಿಸಬಹುದೇ ಎಂದು ಕೇಳುತ್ತದೆ. ಸುಮ್ಮನೆ ಮುಂದೆ ಒತ್ತಿದರೆ ಅದು ತೆಗೆದುಕೊಳ್ಳುವ ಉತ್ತರ ‘ಬೇಡ’. ಲಿನಕ್ಸ್‌ನಲ್ಲಿ ಬಳಸುವ ಕೆಡಿಇ ಡೆಸ್ಕ್‌ಟಾಪಿನ ಬಳಕೆ ವರದಿಯೂ ಮೊದಲಿಗೆ ಆರಿದ ಸ್ಥಿತಿಯಲ್ಲೇ ಇರುತ್ತದೆ. ಕೇಳುವುದಾದರೆ ಹೀಗೆ ಕೇಳಬೇಕು. ಲಿನಕ್ಸ್‌ನಲ್ಲಿ ಆನ್‌ಲೈನ್ ಖಾತೆ ಇಲ್ಲದೆ ಸೆಟಪ್ ಮುಗಿಯುತ್ತದೆ, ಒಳಗಿನ ಕೋಡ್ ಎಲ್ಲರ ಕಣ್ಣಿಗೆ ತೆರೆದಿರುತ್ತದೆ. ಬಳಸುವವರ ಖಾಸಗಿತನವೊಂದನ್ನೇ ಮಾನದಂಡ ಮಾಡಿದರೆ ನನ್ನ ಮತ ಅತ್ತಲೇ.

ಆದರೆ ಲಿನಕ್ಸ್ ಹಾಕಿದಾಕ್ಷಣ ಎಲ್ಲ ಬಗೆಹರಿಯಿತು ಎಂದು ಯಾರಾದರೂ ನಿಮ್ಮನ್ನು ನಂಬಿಸಲು ಬಂದರೆ ಎರಡು ಪ್ರಶ್ನೆ ಕೇಳಿ. ಡಿಸ್ಕ್ ಗೂಢಲಿಪೀಕರಣವನ್ನು ಅನುಸ್ಥಾಪನೆಯಲ್ಲೇ ಗುರುತು ಹಾಕಿ ಆರಿಸಿಕೊಂಡಿರಾ? ಬಹಳಷ್ಟು ಲಿನಕ್ಸ್‌ಗಳಲ್ಲಿ ಅದು ತಾನಾಗಿ ಬರುವುದಿಲ್ಲ. ಯಂತ್ರ ಕಳುವಾದರೆ ಕಡತಗಳೆಲ್ಲ ಕಳ್ಳನ ಪಾಲು. ಇನ್ನೊಂದು, ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸಲು ಅದು ಬಳಸುತ್ತಿರುವುದು ಹಳೆಯ ಎಕ್ಸ್11 ವ್ಯವಸ್ಥೆಯನ್ನೋ, ಹೊಸ ವೇಲ್ಯಾಂಡ್ ಅನ್ನೋ? ಎಕ್ಸ್11ರಲ್ಲಿ ಒಂದು ಪ್ರೋಗ್ರಾಂಗೆ ಒತ್ತಿದ ಕೀಗಳನ್ನು ಪಕ್ಕದಲ್ಲಿ ಓಡುತ್ತಿರುವ ಮತ್ತೊಂದು ಪ್ರೋಗ್ರಾಂ ಕದ್ದು ನೋಡಲು ದೊಡ್ಡ ಅಡ್ಡಿಯೇನೂ ಇಲ್ಲ. ಈ ಲೋಪ ಇರದಂತೆ ವೇಲ್ಯಾಂಡ್‌ನ ವಿನ್ಯಾಸ ಬೇರೆಯಾಗಿದೆ. ಕ್ಯಾಮೆರಾ, ಮೈಕ್, ಫೋಲ್ಡರ್‌ಗಳಿಗೆ ಒಂದೊಂದು ಆ್ಯಪ್ ಕೈಹಾಕುವಾಗಲೂ ಅನುಮತಿ ಕೇಳುವ ಶಿಸ್ತಿನಲ್ಲಿ ಮ್ಯಾಕ್ ಬಹಳ ಮುಂದಿದೆ, ಇದನ್ನು ಒಪ್ಪಿಕೊಳ್ಳಬೇಕು. ಇನ್ನು ಬ್ರೌಸರ್ ತೆರೆದು ಜಾಲಕ್ಕೆ ಇಳಿದ ಮೇಲೆ ಅಲ್ಲಿನ ಹಿಂಬಾಲಕರಿಂದ ಯಾವ ಸಿಸ್ಟಂ ಕೂಡ ತಾನೇ ಕಾಪಾಡುವುದಿಲ್ಲ.

ಬದಲಾವಣೆ ಸುಲಭವಲ್ಲ ಎಂಬುದೂ ಗೊತ್ತು. ಮ್ಯೂನಿಕ್ ನಗರಾಡಳಿತ 2003ರಲ್ಲಿ ನಿರ್ಧರಿಸಿ, ಸುಮಾರು 15,000 ಕಂಪ್ಯೂಟರ್‌ಗಳನ್ನು ಲಿನಕ್ಸ್‌ಗೆ ತಂದು, 2017ರಲ್ಲಿ ಮತ್ತೆ ವಿಂಡೋಸ್‌ಗೆ ಮರಳಲು ಠರಾವು ಮಾಡಿತು. ಅದೇ ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ 2024ರಲ್ಲಿ 30,000 ಯಂತ್ರಗಳನ್ನು ಲಿಬ್ರೆಆಫೀಸ್ (ಸ್ವತಂತ್ರ ಕಚೇರಿ ತಂತ್ರಾಂಶ) ಮತ್ತು ಲಿನಕ್ಸ್ ಕಡೆಗೆ ಒಯ್ಯುವುದಾಗಿ ಹೇಳಿತು. ನಿಮ್ಮಲ್ಲಿ ಬಳಸುವ ಯಾವುದೋ ಒಂದು ತಂತ್ರಾಂಶ ವಿಂಡೋಸ್ ಬಿಟ್ಟು ಬೇರೆಡೆ ಓಡದೇ ಇರಬಹುದು. ಆಗ ವಿಂಡೋಸ್ ಅನ್ನೇ ಕೊಳ್ಳಿ, ನನ್ನ ಜಗಳವಿಲ್ಲ. ನೋಡಿ ಕೊಳ್ಳಿ ಎಂಬುದಷ್ಟೇ ನನ್ನ ಬೇಡಿಕೆ.

‘ನಾವು ಕೇಳಿದರೆ ಅಷ್ಟು ದೊಡ್ಡ ಕಂಪನಿಗಳು ಕೇಳುತ್ತವೆಯೇ’ ಎಂಬ ಮಾತನ್ನು ನಿಮ್ಮಂಥವರ ಬಾಯಲ್ಲಿ ಬಹಳ ಸಲ ಕೇಳಿದ್ದೇನೆ. ಕೇಳಿವೆ. 2018ರ ನವೆಂಬರ್‌ನಲ್ಲಿ ಡಚ್ ನ್ಯಾಯ ಮಂತ್ರಾಲಯ ತಾನು ಬಳಸುವ ಮೈಕ್ರೋಸಾಫ್ಟ್ ಆಫೀಸ್ ಬಗ್ಗೆ ಮಾಡಿಸಿದ ಮೌಲ್ಯಮಾಪನ ಹೊರಬಂತು. 23,000ದಿಂದ 25,000 ಬಗೆಯ ಘಟನೆಗಳು ಬಳಸುವವರಿಗೆ ತಿಳಿಯದಂತೆ ದಾಖಲಾಗಿ ರವಾನೆಯಾಗುತ್ತವೆ ಎಂದು ಅದರಲ್ಲಿತ್ತು. ಮಂತ್ರಾಲಯ ಕೂಗಾಡಿ ಸುಮ್ಮನಾಗಲಿಲ್ಲ. ಖರೀದಿದಾರನಾಗಿ ಮಾತುಕತೆಗೆ ಕೂತು, ಮರುವರ್ಷ ಕರಾರಿನ ಷರತ್ತುಗಳನ್ನೂ ತಂತ್ರಾಂಶದ ಆಯ್ಕೆಗಳನ್ನೂ ಬದಲಾಯಿಸಿಕೊಂಡಿತು. ಯುರೋಪಿನಲ್ಲಿ ಹೊಸ ಕಾನೂನು ಬಂದ ಮೇಲೆ ಅಲ್ಲಿನ ವಿಂಡೋಸ್‌ನಲ್ಲಿ ಬಿಂಗ್ ಹುಡುಕಾಟವನ್ನೇ ತೆಗೆದುಹಾಕಬಹುದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದಾಗ, ಮನೆಬಳಕೆಯವರು ಇನ್ನೊಂದು ವರ್ಷದ ಭದ್ರತಾ ತಿದ್ದುಪಡಿಗಳಿಗೆ ಮೈಕ್ರೋಸಾಫ್ಟ್ ಖಾತೆಯನ್ನು ಜೋಡಿಸಲೇಬೇಕಾಗಿತ್ತು. ಹಣ ಕೊಡದೆ ಅದನ್ನು ಪಡೆಯುವ ಷರತ್ತುಗಳು ಮಾತ್ರ ಯುರೋಪಿನಲ್ಲಿ ಸಡಿಲವಾದವು. ಒಂದು ಕಡೆ ಸಾಧ್ಯವಾದದ್ದು ಇನ್ನೊಂದು ಕಡೆ ತಾಂತ್ರಿಕವಾಗಿ ಅಸಾಧ್ಯ ಎಂದರೆ ನಾನು ನಂಬುವುದಿಲ್ಲ.

ಆ ವಿಂಡೋಸ್ 10 ಯಂತ್ರಗಳನ್ನು ಏನು ಮಾಡುವುದು ಎಂಬ ಕಡತ ನಿಮ್ಮಲ್ಲಿ ಹಲವರ ಮೇಜಿನ ಮೇಲೆ ಈಗ ಇರಬಹುದು. ಆದ್ದರಿಂದ ನನ್ನ ವಿನಂತಿಗಳನ್ನು ಈಗಲೇ ಮುಂದಿಡುತ್ತೇನೆ.

ಸಹಿ ಹಾಕುವ ಮುನ್ನ ಒಂದೇ ಒಂದು ಮಾದರಿ ಯಂತ್ರ ತರಿಸಿ. ನನ್ನಂಥ ಒಬ್ಬರಿಗೆ ಒಂದು ದಿನ ಕೊಡಿ. ನಿಲ್ಲಿಸಬಹುದಾದದ್ದನ್ನೆಲ್ಲ ನಿಲ್ಲಿಸಿ, ಯಾರೂ ಮುಟ್ಟದೆ ಬಿಟ್ಟಾಗ ಅದು ಯಾವ ಯಾವ ವಿಳಾಸಗಳಿಗೆ ಸಂಪರ್ಕ ಬೆಳೆಸುತ್ತದೆ ಎಂದು ಜಾಲದ ಮೇಲೆ ಕಣ್ಣಿಟ್ಟು ಪಟ್ಟಿ ಮಾಡಿಕೊಡುತ್ತೇವೆ. ಒಳಗಿನ ಮಾತು ಗೂಢಲಿಪಿಯಲ್ಲಿ ಇರುವುದರಿಂದ ಏನು ಹೋಯಿತು ಎಂದು ಪೂರ್ತಿ ಹೇಳಲಾಗದು. ಯಾರಿಗೆ ಹೋಯಿತು, ಎಷ್ಟು ಸಲ ಹೋಯಿತು ಎಂಬುದಂತೂ ಸಿಗುತ್ತದೆ. ಆ ಪಟ್ಟಿಯನ್ನು ಪೂರೈಕೆದಾರರ ಮುಂದಿಟ್ಟು ಒಂದೊಂದಕ್ಕೂ ಲಿಖಿತ ಉತ್ತರ ಕೇಳಿ. ಉತ್ತರ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತಿದ್ದರೆ ಅದನ್ನೂ ಕಡತದಲ್ಲಿ ಇಡಿ.

ಆವೃತ್ತಿಯ ಹೆಸರನ್ನು ಪೂರ್ತಿ ಬರೆಯಿರಿ. ಆನ್‌ಲೈನ್ ಖಾತೆ ಇಲ್ಲದೆ, ಯಂತ್ರದಲ್ಲೇ ಇರುವ ಸ್ಥಳೀಯ ಖಾತೆಯಿಂದ ಅಥವಾ ಸಂಸ್ಥೆಯದೇ ಲಾಗಿನ್ ವ್ಯವಸ್ಥೆಯಿಂದ ನಡೆಯಬೇಕು ಎಂಬುದನ್ನು ಖರೀದಿಯ ಷರತ್ತು ಮಾಡಿ. ಹಲವರು ಹಂಚಿಕೊಳ್ಳುವ ಯಂತ್ರವಾದರೆ, ಒಬ್ಬರು ಎದ್ದು ಹೋದಾಗ ಅವರು ಬಿಟ್ಟದ್ದೆಲ್ಲ ಅಳಿಸಿಹೋಗುವ ಅತಿಥಿ ಖಾತೆಯೇ ಇರಲಿ. ಗೂಗಲ್‌ನ ಕ್ರೋಮ್‌ಒಎಸ್‌ನಲ್ಲಿ ಅತಿಥಿ ಬಳಕೆಗೆ ಇಂಥ ಏರ್ಪಾಡಿದೆ, ಲಿನಕ್ಸ್‌ನಲ್ಲಿ ಮಾಡಿಕೊಳ್ಳಬಹುದು. ಡಿಸ್ಕ್‌ನ ಬೀಗದ ಕೀಲಿ ಎಲ್ಲಿ ಉಳಿಯುತ್ತದೆ ಎಂದೂ ಕೇಳಿ. ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಸೆಟಪ್ ಮಾಡಿದರೆ ಅದರ ಮರುಪಡೆಯುವ ಕೀಲಿಯ ಒಂದು ಪ್ರತಿ ಆ ಖಾತೆಗೆ ಹೋಗಿ ಕೂರಬಹುದು.

ಇನ್ನೊಂದು ಸಣ್ಣದು. ಪ್ರತಿ ಯಂತ್ರದ ಪಕ್ಕ, ಬಳಸುವವರಿಗೆ ಅರ್ಥವಾಗುವ ಭಾಷೆಯಲ್ಲಿ, ಒಂದು ಪುಟದ ಕಾಗದ ಅಂಟಿಸಲು ಒಪ್ಪಿಗೆ ಕೊಡಿ: ಈ ಕಂಪ್ಯೂಟರ್ ನಿಮ್ಮ ಬಗ್ಗೆ ಏನನ್ನು ಯಾರಿಗೆ ಕಳಿಸುತ್ತದೆ, ನಾವು ಏನನ್ನು ನಿಲ್ಲಿಸಿದ್ದೇವೆ, ಏನನ್ನು ನಿಲ್ಲಿಸಲು ಆಗಲಿಲ್ಲ. ಬರೆಯುವ ಕೆಲಸ ನನಗಿರಲಿ. ಕೆಳಗೆ ಹಾಕುವ ಹೆಸರು ಮಾತ್ರ ಆ ಸಿಸ್ಟಂ ಅನ್ನು ಆರಿಸಿದವರದಾಗಿರಲಿ. ಈ ಒಂದು ಸಾಲಿಗೆ ನಿಮ್ಮಲ್ಲಿ ಹಲವರು ಮುಖ ಗಂಟಿಕ್ಕಬಹುದು ಎಂದು ಗೊತ್ತಿದ್ದೇ ಬರೆದಿದ್ದೇನೆ.

ಆ ಹಿರಿಯರು ಮತ್ತೆ ಓದುವ ಕೋಣೆಗೆ ಬಂದಿದ್ದರು. ಈಗ ಕಂಪ್ಯೂಟರ್ ಮುಟ್ಟುವುದಿಲ್ಲ, ಕೈಬರಹದಲ್ಲೇ ಬರೆದುಕೊಂಡು ಹೋಗುತ್ತಾರೆ. ಏಳನೇ ಯಂತ್ರ ಸರಿಯಾಗಿದೆ ಎಂದು ಎರಡು ಸಲ ಹೇಳಿದೆ. “ಇರಲಿ ಬಿಡಮ್ಮ” ಎಂದರು. ಆ ಅರ್ಜಿ ಬರೆದವರು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗುವುದೂ ಬೇಡ.

ಮುಂದಿನ ಡಬ್ಬಗಳು ಬಂದ ದಿನ ನಿಮ್ಮಲ್ಲಿ ಒಬ್ಬರಾದರೂ ಬಂದು ನನ್ನ ಪಕ್ಕ ಒಂದು ಗಂಟೆ ಕುಳಿತುಕೊಳ್ಳಿ. ಪರದೆಗಳನ್ನು ಒಂದೊಂದಾಗಿ ಓದಿ ಹೇಳುತ್ತೇನೆ. ಗುಂಡಿಯನ್ನು ನೀವು ಒತ್ತಿ.

ಇಂತಿ ತಮ್ಮ ವಿಶ್ವಾಸಿ,
ಕಂಪ್ಯೂಟರ್ ಸಿದ್ಧಪಡಿಸುವ ಒಬ್ಬ ತಂತ್ರಜ್ಞೆ